ಬೀದರಿನ ಶೂರನ ಹೆಸರು ಗೊತ್ತಾ?



ಮೊನ್ನೆ ಭಾಲ್ಕಿಗೆ ಹೋದಾಗ ನಮ್ಮಣ್ಣನ ಮಗ ಮೊಬೈಲ್ ಹಿಡಕೊಂಡು ಬಂದ. ಒಂದು ರೀಲ್. ಕುದುರೆ, ಕತ್ತಿ, ಕೇಸರಿ ಪೇಟ, ಹಿಂದೆ ಡಿಜೆ ಹಾಡು. "ಕಾಕಾ, ರಾಜಪೂತರಂಥ ಶೂರರು ದೇಶದಾಗೇ ಇಲ್ಲ ನೋಡ್ರಿ" ಅಂದ. ಪೃಥ್ವಿರಾಜ ಚೌಹಾಣ್, ಮಹಾರಾಣಾ ಪ್ರತಾಪ್, ಚೇತಕ್ ಕುದುರೆ, ಎಲ್ಲಾ ಬಾಯಿಪಾಠ. "ನಮ್ಮ ಬೀದರಿನ ಒಬ್ಬ ಶೂರನ ಹೆಸರು ಹೇಳಪಾ" ಅಂದೆ. ಸುಮ್ಮನಾದ.

ತಪ್ಪು ಅವನದಲ್ಲ. ಆ ಹೆಸರು ನಾವೇ ಅವನಿಗೆ ಹೇಳಿಲ್ಲ.

ಪ್ರತಾಪ್ ಹೇಡಿ ಅಂತ ನಾನು ಹೇಳ್ತಿಲ್ಲ. ಗುಡ್ಡಗಾಡು ಸೇರಿದರೂ ಅಕ್ಬರನಿಗೆ ತಲೆಬಾಗಲಿಲ್ಲ, ಅದು ಧೈರ್ಯವೇ. ಆದರೆ ರೀಲ್‌ನಲ್ಲಿ ಬಿಟ್ಟದ್ದನ್ನೂ ಹೇಳಬೇಕಲ್ಲ? 1576ರ ಹಳದಿಘಾಟಿಯಲ್ಲಿ ಅಕ್ಬರನ ಸೈನ್ಯ ನಡೆಸಿದವನು ಆಮೇರ್‌ನ ಮಾನ್‌ಸಿಂಗ್, ಅವನೂ ರಾಜಪೂತನೇ. ಪ್ರತಾಪನ ಪರವಾಗಿ ಅಫ್ಘಾನ್ ಸರದಾರ ಹಕೀಂ ಖಾನ್ ಸೂರ್ ನಿಂತಿದ್ದ, ಬಿಲ್ಲು ಹಿಡಿದ ಭಿಲ್ಲರು ನಿಂತಿದ್ದರು. ಅವರೆಲ್ಲಾ ರೀಲ್‌ನಲ್ಲಿ ಎಲ್ಲಿ ಹೋದ್ರು?

ಜೋಧಪುರದ ಮೆಹ್ರಾನ್‌ಗಢ ಕೋಟೆಗೆ 1459ರಲ್ಲಿ ಅಡಿಗಲ್ಲು ಬಿತ್ತು. ಆಗ ರಾಜಾರಾಮ್ ಮೇಘವಾಲ್ ಎಂಬ ದಲಿತನನ್ನು ಅಡಿಪಾಯದಲ್ಲಿ ಜೀವಂತ ಹೂತರು ಅಂತ ಅಲ್ಲಿನ ಪರಂಪರೆಯೇ ಹೇಳುತ್ತದೆ. ಅವನ ಹೆಸರಿನ ಕಲ್ಲು ಈಗಲೂ ಕೋಟೆಯಲ್ಲಿದೆ. ಮೇಲೆ ಅರಸನ ಮಾನ, ಕೆಳಗೆ ನಮ್ಮವನ ಎಲುಬು!

ಈಗ ಬೀದರಿಗೆ ಬರ್ರಿ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಕತ್ತಿ ಹಿರಿದು "ತಲೆ ಕೊಡುವವರು ಯಾರು?" ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನವರು. ಕ್ಷೌರದ ಕಾಯಕದವರು. ಭಾಯಿ ಸಾಹಿಬ್ ಸಿಂಗ್. ಐದು ಜಾತಿಯ ಐವರು ಒಂದೇ ಬಟ್ಟಲಿನಿಂದ ಅಮೃತ ಕುಡಿದರು. ನೆರೆಯ ಗುಡ್ಡಗಾಡಿನ ರಾಜಪೂತ ಅರಸರಿಗೆ ಇದೇ ತಡೆಯಲಾಗಲಿಲ್ಲ ಅಂತ ಸಿಖ್ ಪರಂಪರೆ ಹೇಳುತ್ತದೆ. ಆ ಅರಸರು ಕೊನೆಗೆ ಮೊಘಲರ ಜೊತೆ ಸೇರಿ ಆನಂದಪುರಕ್ಕೆ ಮುತ್ತಿಗೆ ಹಾಕಿದರು. ಮುಂದೆ ಚಮಕೌರ್ ಕಾಳಗದಲ್ಲಿ ಸಾಹಿಬ್ ಸಿಂಗ್ ಹುತಾತ್ಮರಾದರು. ಈಗ ಹೇಳ್ರಿ, ಮಾನ ಉಳಿಸಿದವರು ಯಾರು?

ಹೆಣ್ಣಿನ ಮಾನ ಅಂದ್ರ ಬೆಂಕಿಗೆ ಹಾರೋದು ಅಂತ ಜೌಹರ್ ಕಥೆ ಹೇಳ್ತಾರೆ. ಮಾಯಿ ಭಾಗೋ ಬೆಂಕಿಗೆ ಹಾರಲಿಲ್ಲ. ಗುರುವನ್ನು ಬಿಟ್ಟು ಹೋಗಿದ್ದ ಗಂಡಸರನ್ನು ಬೈದು, ತಿರುಗಿಸಿ ಕರಕೊಂಡು ಬಂದು, 1705ರಲ್ಲಿ ಮುಕ್ತಸರ್‌ನಲ್ಲಿ ತಾನೂ ಆಯುಧ ಹಿಡಿದು ಕಾದಾಡಿದಳು. ಆ ತಾಯಿ ಕಡೆಗಾಲ ಕಳೆದದ್ದು ಎಲ್ಲಿ ಗೊತ್ತಾ? ಬೀದರಿನಿಂದ ಸುಮಾರು 11 ಕಿ.ಮೀ. ದೂರದ ಜನವಾಡದಲ್ಲಿ. ಅಲ್ಲಿ ಅವಳ ಹೆಸರಿನ ಗುರುದ್ವಾರವಿದೆ.

"ಅವರು ಸಿಖ್ಖರು, ನಮಗೇನು ಸಂಬಂಧ?" ಅಂತ ನಮ್ಮವರೇ ಕೆಲವರು ಕೇಳ್ತಾರೆ. ಜಾತಿ ನೋಡಿ ಶೂರರನ್ನು ಆರಿಸೋದಾದ್ರೆ ಅವರಿಗೂ ನಮಗೂ ಏನು ಫರಕು?

ಇದನ್ನೆಲ್ಲಾ ಯಾಕೆ ಬರೀತಿದ್ದೀನಂದ್ರ, ಎರಡು ವರ್ಷದ ಹಿಂದೆ ಔರಾದ್ ತಾಲ್ಲೂಕಿನ ಒಂದು ಊರಲ್ಲಿ ನಮ್ಮ ಮನೆಯ ಮದುವೆ. ಮದುಮಗ ಕುದುರೆ ಮೇಲೆ ಕುಂತಿದ್ದ. ಹನುಮಾನ ಗುಡಿ ಮುಂದೆ ಬಂದಾಗ ಊರ ಹುಡುಗರು ಅಡ್ಡ ನಿಂತು ಇಳಿಸಿದರು. ಆ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಇದೇ ಚೇತಕ್! ಅವತ್ತು ಕುದುರೆಯ ಲಗಾಮು ಹಿಡಿದು ಅಳುತ್ತಾ ನಿಂತವನು, ಮೊನ್ನೆ ನನಗೆ ರೀಲ್ ತೋರಿಸಿದ ಇದೇ ಹುಡುಗ.

ಕುದುರೆ ಏರಿದ ಅರಸನ ಕಥೆಗೆ ಚಪ್ಪಾಳೆ ಹೊಡೀತೀವಿ. ನಮ್ಮ ಮದುಮಗನನ್ನು ಕುದುರೆಯಿಂದ ಇಳಿಸಿದಾಗ ಬಾಯಿ ಮುಚ್ಚಿ ನಡೀತೀವಿ. ಇದು ಇನ್ನು ಸಾಕು.

ಬರುವ ಏಪ್ರಿಲ್ 14ಕ್ಕೆ ಬೀದರ್, ಭಾಲ್ಕಿ, ಔರಾದ್‌ನ ಪ್ರತಿ ಓಣಿಯ ಬ್ಯಾನರ್‌ನಲ್ಲಿ ಬಾಬಾಸಾಹೇಬರ ಜೊತೆ ಸಾಹಿಬ್ ಸಿಂಗ್ ಮತ್ತು ಮಾಯಿ ಭಾಗೋ ಹೆಸರು ಇರಲಿ. ಮಕ್ಕಳನ್ನು ಒಂದು ದಿನ ಜನವಾಡಕ್ಕೆ ಕರಕೊಂಡು ಹೋಗ್ರಿ. ಎಲ್ಲರೂ ಒಂದೇ ಸಾಲಿನಲ್ಲಿ ಕುಂತು ಲಂಗರ್ ಊಟ ಮಾಡೋದನ್ನ ಅವರು ಕಣ್ಣಾರೆ ನೋಡಲಿ. ನಾನು ಬರುವ ಭಾನುವಾರ ನಮ್ಮ ಹುಡುಗನ್ನ ಕರಕೊಂಡು ಹೊರಟಿದ್ದೀನಿ. ಬರೋರು ಕಮೆಂಟಿನಲ್ಲಿ ಹೇಳ್ರಿ.

ಜೈ ಭೀಮ್.