ಎದೆಹಾಲಿಗೂ ಅಳತೆಯೇ?

ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರನ್ನು "ಎಷ್ಟು ಲೀಟರು?" ಎಂದು ಕೇಳುವುದು ನ್ಯಾಯ. ಅಲ್ಲಿ ಲೀಟರಿಗಿಷ್ಟು ಎಂದು ದುಡ್ಡು ಕೊಡುತ್ತಾರೆ. ಬಾಣಂತಿಯ ಮಂಚದ ಪಕ್ಕ ಕೂತು ಅದೇ ಪ್ರಶ್ನೆ ಕೇಳುವ ಹಕ್ಕನ್ನು ನಮಗೆ ಕೊಟ್ಟವರು ಯಾರು? ಮಗು ನೋಡಲು ಬಂದವರು ಕುಲಾವಿ ಕೈಗಿಡುವ ಮೊದಲೇ "ಹಾಲು ಸಾಕಾಗುತ್ತೇನೇ?" ಎನ್ನುತ್ತಾರೆ. ಮಗು ಅತ್ತರೆ ಹಾಲು ಸಾಲದು. ಮತ್ತೆ ಮತ್ತೆ ಕುಡಿದರೂ ಸಾಲದು. ಹೆಚ್ಚು ಹೊತ್ತು ಮಲಗಿದರೆ, ಪಾಪ, ಹಾಲಿಲ್ಲದೆ ಸೋತು ಮಲಗಿದೆ! ಇದನ್ನು ಕಾಳಜಿ ಎಂದು ನಾನು ಒಪ್ಪುವುದಿಲ್ಲ. ಇದು ಹೆಣ್ಣಿನ ಮೈಯ ಮೇಲಿನ ಗುಮಾನಿ.

ಈ ಗುಮಾನಿಗೆ ಅಂಕಿಗಳನ್ನು ಒದಗಿಸಿದ್ದು ಹಾಲಿನ ಬಾಟಲಿ. ಅದರ ಮೈಮೇಲೆ 30, 60, 90 ಎಂದು ಗೆರೆಗಳಿವೆ. ಬಾಟಲಿ ಕುಡಿಸಿದವಳು "ನನ್ನ ಮಗು 90 ಕುಡಿಯಿತು" ಎಂದು ಧೈರ್ಯವಾಗಿ ಹೇಳಬಲ್ಲಳು. ಎದೆಗೆ ಗೆರೆಗಳಿಲ್ಲ, ಮೊಲೆಯೂಡಿಸಿದವಳು ತಲೆ ತಗ್ಗಿಸುತ್ತಾಳೆ. ಡಬ್ಬಿ ಹಾಲಿನ ಜಾಹೀರಾತಿಗೆ 1992ರ ಕಾನೂನು ತಡೆ ಹಾಕಿತು, 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೆ ಬಾಟಲಿಯ ಗೆರೆಗಳು ನಮ್ಮ ತಲೆಯೊಳಗೇ ಕೂತು ಪುಕ್ಕಟೆ ಜಾಹೀರಾತು ನಡೆಸುತ್ತಿವೆಯಲ್ಲ, ಅದಕ್ಕೆ ಯಾವ ಕಾನೂನಿದೆ?

ಹಾಗಾದರೆ ಎದೆಹಾಲನ್ನು ಅಳೆಯಲು ಬರುವುದೇ ಇಲ್ಲವೇ? ಬರುತ್ತದೆ. ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ, ಬಟ್ಟೆ ಬದಲಿಸದೆ ಮಗುವನ್ನು ತೂಗಿದರೆ ಹೆಚ್ಚಿದ ತೂಕವೇ ಕುಡಿದ ಹಾಲು. ಡ್ಯುಟೀರಿಯಂ ಬೆರೆತ ನೀರನ್ನು ತಾಯಿಗೆ ಕುಡಿಸಿ, ಎರಡು ವಾರ ತಾಯಿ ಮಗು ಇಬ್ಬರ ಜೊಲ್ಲನ್ನು ಪರೀಕ್ಷಿಸಿ ಲೆಕ್ಕ ಹಾಕುವ ವಿಧಾನವೂ ಇದೆ. ವಿಜ್ಞಾನಿಗಳು ಧಾರಾಳವಾಗಿ ಅಳೆಯಲಿ. ಅವರ ಅಳತೆ ಹೇಳುವುದನ್ನು ನಾವು ಕೇಳಿಸಿಕೊಂಡರೆ ಸಾಕು. ಆಸ್ಟ್ರೇಲಿಯಾದ ಸಂಶೋಧಕರು ಒಂದರಿಂದ ಆರು ತಿಂಗಳೊಳಗಿನ 71 ಆರೋಗ್ಯವಂತ ಶಿಶುಗಳ ಒಂದು ದಿನದ ಹಾಲನ್ನು ಹೀಗೆ ತೂಗಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ 788 ಗ್ರಾಂ. ಆದರೆ ಅತಿ ಕಡಿಮೆ 478, ಅತಿ ಹೆಚ್ಚು 1356! ಆರು ಸಲ ಕುಡಿದ ಮಗುವೂ ಇತ್ತು, ಹದಿನೆಂಟು ಸಲ ಕುಡಿದದ್ದೂ ಇತ್ತು. ಎಲ್ಲವೂ ಚೆನ್ನಾಗಿರುವ ಮಕ್ಕಳೇ. ಇನ್ನು "ಇಷ್ಟೇ ಕುಡಿಯಬೇಕು" ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಮನೆಯಲ್ಲಿ ಅಳೆಯುವ ಆಟವಂತೂ ಇನ್ನೂ ತಮಾಷೆ. ಆ ಮಕ್ಕಳು ಒಂದು ಸಲಕ್ಕೆ ಕುಡಿದದ್ದು ಸರಾಸರಿ 76 ಗ್ರಾಂ. ಅಂಗನವಾಡಿಗಳಲ್ಲಿ ವರ್ಷಗಟ್ಟಲೆ ನೇತಾಡಿದ ಮುಳ್ಳಿನ ತಕ್ಕಡಿಯ ಒಂದು ಸಣ್ಣ ಗೆರೆಯೇ 100 ಗ್ರಾಂ! ತಿಂಗಳ ತೂಕ ನೋಡುವ ತಕ್ಕಡಿಗೆ ಒಂದು ಹೊತ್ತಿನ ಹಾಲು ಕಾಣುವುದಾದರೂ ಹೇಗೆ? ಹಿಂಡಿ ನೋಡೋಣವೆಂದರೆ, ಮಗು ಚೀಪಿದಾಗ ಇಳಿಯುವಷ್ಟು ಹಾಲು ಪಂಪಿಗೆ ಇಳಿಯಲೇಬೇಕೆಂದಿಲ್ಲ.

ನಮ್ಮ ಬೀದಿಯ ಹುಡುಗಿಯೊಬ್ಬಳು, ಮೂರು ವಾರದ ಬಾಣಂತಿ, "ಅಕ್ಕಾ, ನನ್ನ ಹಾಲು ಬರೀ ನೀರಂತೆ" ಎಂದು ಕಣ್ಣೀರಿಟ್ಟಳು. ಮಗುವಿನ ತೂಕ ಏರುತ್ತಲೇ ಇತ್ತು. ಆದರೂ ಮನೆಯಲ್ಲಿ ಡಬ್ಬಿ ಬಂದಾಗಿತ್ತು. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆಯನ್ನು ಕಡಿಮೆ ಚೀಪುತ್ತದೆ. ಚೀಪಿದಷ್ಟೇ ಹಾಲು ಉತ್ಪತ್ತಿಯಾಗುವುದು ಎದೆಯ ನಿಯಮ. ಹಾಲು ಇಳಿಯುತ್ತದೆ. ಆಗ "ನಾವು ಹೇಳಲಿಲ್ಲವೇ?" ಎಂದು ಹೇಳಿದವರೇ ಗೆಲ್ಲುತ್ತಾರೆ.

ತೂಕ ಕಡಿಮೆಯಿರುವ, ಕಾಯಿಲೆ ಬಿದ್ದ ಕೂಸನ್ನು ವೈದ್ಯರು ತೂಗಿ ನೋಡುವುದು ಬೇರೆ ಮಾತು, ಅದು ಬೇಕು. ಉಳಿದವರಿಗೆ ಬಟ್ಟೆಗಳೇ ಸಾಕ್ಷಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಟ್ಟೆಯಾದರೂ ಚೆನ್ನಾಗಿ ಒದ್ದೆಯಾಗಬೇಕು. ಹುಟ್ಟಿದ ತೂಕ ಮೊದಲು ಸ್ವಲ್ಪ ಇಳಿದು ಎರಡು ವಾರದೊಳಗೆ ಮರಳಬೇಕು. ಆಮೇಲೆ ತಾಯಿ ಕಾರ್ಡಿನ ಗೆರೆ ಏರುತ್ತಿರಬೇಕು. ಏರದಿದ್ದರೆ ಡಾಕ್ಟರ ಬಳಿ ಹೋಗಿ, ಪಕ್ಕದ ಮನೆಗಲ್ಲ.

ಅಳೆಯಲೇಬೇಕೆಂಬ ಹಟವಿದ್ದವರು ತಾಯಿಯ ತಟ್ಟೆಯನ್ನು ಅಳೆಯಲಿ. ಪಥ್ಯದ ಹೆಸರಿನಲ್ಲಿ ಎಷ್ಟು ಅನ್ನ ಬಡಿಸಿದಿರಿ? ಬಾಯಾರಿದವಳಿಗೆ ಎಷ್ಟು ಲೋಟ ನೀರು ಕೊಟ್ಟಿರಿ? ಎಷ್ಟು ಗಂಟೆ ಮಲಗಲು ಬಿಟ್ಟಿರಿ? 2017ರಲ್ಲಿ ಹೆರಿಗೆ ರಜೆ 26 ವಾರಗಳಿಗೆ ಏರಿತು, ನಿಜ. ಮನೆಗೆಲಸದವಳಿಗೆ, ಹೊಲದ ಕೂಲಿಯವಳಿಗೆ ಅದರಲ್ಲಿ ಎಷ್ಟು ದಿನ ಸಿಕ್ಕಿತು? ಈ ಲೆಕ್ಕಗಳನ್ನು ಕೇಳುವವರಿಲ್ಲ. ಕೇಳಿದರೆ ಉತ್ತರ ಕೊಡಬೇಕಾದವಳು ಬಾಣಂತಿಯಲ್ಲ, ನಾವು.