ಕುರ್ಚಿ ಕೊಟ್ಟವರು, ಕುರ್ಚಿ ಕಿತ್ತವರು

ನುಂಗಂಬಾಕ್ಕಂ ಹೈರೋಡಿನ ತುದಿಯಲ್ಲಿ ಜೆಮಿನಿ ಮೇಲ್ಸೇತುವೆಯನ್ನು ದಾಟಿ ಕೆಥೀಡ್ರಲ್ ರಸ್ತೆಗೆ ಹೊರಳಿದರೆ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಸಿಗುತ್ತದೆ. ಅದು ತೆರೆದದ್ದು 2010ರ ನವೆಂಬರಿನಲ್ಲಿ. ಒಳಗಿನ ದೊಡ್ಡ ಮರಗಳು ಮಾತ್ರ ಉದ್ಯಾನಕ್ಕಿಂತ ಹಿರಿಯವು. 1962ರಿಂದ 2008ರವರೆಗೆ ಅವುಗಳ ನೆರಳಿನಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. ಚೆನ್ನೈಯ ಕನ್ನಡಿಗರು ನಾಲ್ವರು ಸೇರಿದಲ್ಲೆಲ್ಲ ಈ ಹೋಟೆಲಿನ ಶ್ರಾದ್ಧವೊಂದು ತಪ್ಪದೆ ನಡೆಯುತ್ತದೆ. ಆ ದೋಸೆ, ಆ ಕಾಫಿ, ನಮ್ಮ ಉಡುಪಿಯವರ ಕೈಗುಣ. ಕೊನೆಗೆ, ದನಿ ತಗ್ಗಿಸಿ, ಕನ್ನಡಿಗನ ಹೋಟೆಲನ್ನು ಎಬ್ಬಿಸಿ ತಮಿಳಿನ ತೋಟ ಮಾಡಿದರೆಂಬ ದೂರು.

ಈ ಶ್ರಾದ್ಧದ ಊಟಕ್ಕೆ ನಾವು ಕೂರಲಾರೆವು. ಸತ್ತದ್ದು ಯಾರು ಎಂಬುದನ್ನೇ ಕರ್ತೃಗಳು ತಪ್ಪಾಗಿ ತಿಳಿದಿದ್ದಾರೆ.

ದೂರನ್ನು ಮೊದಲು ಬದಿಗಿಡೋಣ. ಆ ನೆಲ ಹೋಟೆಲಿನ ಸ್ವಂತದ್ದಾಗಿರಲಿಲ್ಲ, ಗುತ್ತಿಗೆಯ ನೆಲ. ಅದನ್ನು ಸರ್ಕಾರ ಮರಳಿ ಪಡೆಯಿತು. ಹೋಟೆಲು ಮುಚ್ಚಿದಾಗ ನಮ್ಮಷ್ಟೇ ಮರುಗಿದವರು, ನಮಗಿಂತ ಹೆಚ್ಚು ಬರೆದವರು ಈ ಊರಿನ ತಮಿಳರು. ಭಾಷೆಯ ಜಗಳವನ್ನು ಇಲ್ಲಿಗೆ ಎಳೆದು ತರುವುದು ಅವರ ಕಣ್ಣೀರಿಗೆ ಮಾಡುವ ಅವಮಾನ.

ಇನ್ನು ಹೆಮ್ಮೆಯ ಮಾತು. ಕಡಂದಲೆಯ ಕೃಷ್ಣರಾಯರು ಹೋಟೆಲಿನ ಕೆಲಸದಾಳಾಗಿ ಮದ್ರಾಸಿಗೆ ಬಂದು ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ನಿಜ. ಅದು ಸಣ್ಣ ಸಾಧನೆಯಲ್ಲ. ಆದರೆ ಅವರು ಬಂದದ್ದು ಪರರಾಜ್ಯಕ್ಕಲ್ಲ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹೈಕೋರ್ಟು, ವಿಶ್ವವಿದ್ಯಾನಿಲಯ ಎರಡೂ ಇಲ್ಲಿಯೇ. 1923ರ ನೆರೆ ಕರಾವಳಿಯ ಅನೇಕ ಮನೆಗಳನ್ನು ಬರಿದು ಮಾಡಿದ ಮೇಲೆ ಒಲೆಯ ಮುಂದೆ ದುಡಿಯಲು ಹೊರಟವರಿಗೂ, ಓದಲು ಹೊರಟವರಿಗೂ ಮದ್ರಾಸು ತಮ್ಮದೇ ರಾಜಧಾನಿ. ಒಬ್ಬ ಹಿಟ್ಟು ರುಬ್ಬಿದ, ಇನ್ನೊಬ್ಬ ಕಾನೂನು ಓದಿದ. ಉಡುಪಿ ಹೋಟೆಲೂ ಕಾಲೇಜೂ ಈ ಊರಿನಲ್ಲಿ ಒಂದೇ ಕಾಲದ ಬೆಳೆಗಳು.

ಈ ನಂಟನ್ನು ಡ್ರೈವ್-ಇನ್ ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿತು, ಅದೂ ಹಾಗೆ ಉದ್ದೇಶಿಸದೆ. ಅದು ಕಾರಿದ್ದವರಿಗಾಗಿ ಹುಟ್ಟಿದ ಹೋಟೆಲು. ಕಾರಿನ ಕಿಟಕಿಗೆ ತಟ್ಟೆಯನ್ನು ಸಿಕ್ಕಿಸಿ ಕುಳಿತಲ್ಲಿಗೇ ತಿಂಡಿ ತಂದುಕೊಡುವುದು ಅದರ ಹೆಚ್ಚುಗಾರಿಕೆ. ಅದನ್ನು ತಮ್ಮದಾಗಿಸಿಕೊಂಡವರಲ್ಲಿ ಬಹಳ ಮಂದಿ ಬಸ್ಸಿಳಿದು ನಡೆದು ಬಂದವರು. ಅದೇ ರಸ್ತೆಯ ಸ್ಟೆಲ್ಲಾ ಮೇರಿಸ್, ನುಂಗಂಬಾಕ್ಕಂನ ವಿಮೆನ್ಸ್ ಕ್ರಿಶ್ಚಿಯನ್, ಲಯೋಲಾ ಕಾಲೇಜುಗಳ ವಿದ್ಯಾರ್ಥಿಗಳು, ಔಷಧ ಕಂಪನಿಗಳ ಪ್ರತಿನಿಧಿಗಳು, ಪತ್ರಕರ್ತರು, ಅವಕಾಶಕ್ಕಾಗಿ ಕಾಯುತ್ತಿದ್ದ ಸಿನಿಮಾ ಮಂದಿ. ಒಂದು ಕಾಫಿಗೆ ದುಡ್ಡು ಕೊಟ್ಟವನು ಎಷ್ಟು ಹೊತ್ತು ಬೇಕಾದರೂ ಕೂರಬಹುದಾಗಿತ್ತು. ಆ ಕಾಫಿಯನ್ನು ಇಬ್ಬರು ಹಂಚಿಕೊಂಡರೂ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ.

ನಾವು ಕಳೆದುಕೊಂಡದ್ದು ಇದನ್ನು. ದೋಸೆಯನ್ನಲ್ಲ, ದೋಸೆ ಎಲ್ಲೆಡೆ ಸಿಗುತ್ತದೆ, ಕೆಲವೆಡೆ ಅದಕ್ಕಿಂತ ರುಚಿಯಾಗಿಯೇ ಸಿಗುತ್ತದೆ. ಕೈಯಲ್ಲಿ ಕಾಸಿಲ್ಲದ ಹದಿನೆಂಟರ ಹುಡುಗಿಯೊಬ್ಬಳು ಹಾಸ್ಟೆಲಿನ ಗೋಡೆಯಾಚೆ ಎರಡು ಗಂಟೆ ಕುಳಿತು ವಾದಿಸಬಹುದಾಗಿದ್ದ ಕುರ್ಚಿ ಹೋಯಿತು.

ಆ ಕುರ್ಚಿಯನ್ನು ಕಿತ್ತವರಲ್ಲಿ ನಾವೂ ಇದ್ದೇವೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿಕೊಂಡವು. ಕುರ್ಚಿಯಿಲ್ಲ, ಮಾಣಿಯಿಲ್ಲ, ಚೀಟಿ ಪಡೆದು, ತಟ್ಟೆ ಹಿಡಿದು, ನಿಂತು ತಿಂದು, ಹೊರಡಬೇಕು. ಇಂದು ಹೊರನಾಡಿನ ಕನ್ನಡಿಗರು 'ನಮ್ಮ ಬೆಂಗಳೂರಿನ ಕೊಡುಗೆ' ಎಂದು ಬೀಗುವುದು ಇದನ್ನೇ. ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ಹೋಟೆಲಿನ ಹೆಸರು ವಿದ್ಯಾರ್ಥಿ ಭವನ. ಅಲ್ಲಿ ಕುರ್ಚಿಗಳೇನೋ ಇವೆ. ಬಾಗಿಲಲ್ಲಿ ಕಾಯುವವರ ಸಾಲನ್ನು ಕಂಡ ಯಾವ ವಿದ್ಯಾರ್ಥಿ ಅಲ್ಲಿ ಪುಸ್ತಕ ತೆರೆದಾನು?

ಹಳೆಯ ಕುರ್ಚಿ ನಿಷ್ಪಾಪಿಯಾಗಿರಲಿಲ್ಲ, ಇದನ್ನು ಹೇಳದೆ ಮುಂದೆ ಹೋಗುವುದು ಮೋಸ. ಆ ಕಾಲದ ಹೋಟೆಲುಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು ಮೇಜು ಒರೆಸುತ್ತಿದ್ದವರು ಎಷ್ಟೋ ಕಡೆ ಶಾಲೆ ಬಿಟ್ಟು ಬಂದ ಕರಾವಳಿಯ ಬಡ ಹುಡುಗರು. ಹಿಂದೆ ಮದ್ರಾಸಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿತ್ತು. ಫಲಕದ ಮೇಲಿನ 'ಬ್ರಾಹ್ಮಣ' ಎಂಬ ಮಾತನ್ನು ಅಳಿಸಬೇಕೆಂದು 1957ರಲ್ಲಿ ಪೆರಿಯಾರರ ಅನುಯಾಯಿಗಳು ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಮುಂದೆ ತಿಂಗಳುಗಟ್ಟಲೆ ಚಳವಳಿ ನಡೆಸಿ ಜೈಲಿಗೆ ಹೋದರು. ನಮ್ಮ ಹೆಮ್ಮೆಯ ಭಾಷಣಗಳಲ್ಲಿ ಈ ಹುಡುಗರೂ ಇಲ್ಲ, ಈ ಫಲಕವೂ ಇಲ್ಲ. ದರ್ಶಿನಿಯ ಕಟ್ಟೆಯೆದುರು ಎಲ್ಲರೂ ಸಮನಾಗಿ ನಿಲ್ಲುತ್ತಾರೆ. ಅದರ ಈ ಗುಣವನ್ನು ಒಪ್ಪುತ್ತೇವೆ.

ಹಾಗೆಂದು, ಎಲ್ಲರನ್ನೂ ಸಮನಾಗಿ ನಿಲ್ಲಿಸುವುದೊಂದೇ ದಾರಿಯೆ? ಎಲ್ಲರನ್ನೂ ಸಮನಾಗಿ ಕೂರಿಸಲು ಬಾರದೆ? ಕಾಫಿ ಮಂಡಳಿ ತನ್ನ ಕಾಫಿಹೌಸುಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದವರು ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸತೊಡಗಿದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಅಲ್ಲಿ ಬಡಿಸುವವನೇ ಒಡೆಯ, ಗಿರಾಕಿಗೆ ಕುರ್ಚಿಯೂ ಉಂಟು. ಹೆಮ್ಮೆ ಪಡಲೇಬೇಕೆಂದರೆ ನಮ್ಮವರ ಈ ಕೆಲಸ ಕಣ್ಣ ಮುಂದಿದೆ. ಯಾವ ರಾಜ್ಯೋತ್ಸವದ ವೇದಿಕೆಯಲ್ಲೂ ಇದರ ಮಾತು ನಮ್ಮ ಕಿವಿಗೆ ಬಿದ್ದಿಲ್ಲ.

ನಗರದ ನಡುವೆ ಈಗ ನೆಲದ ಬೆಲೆ ಏನಾಗಿದೆ, ಒಂದು ಕಾಫಿಗೆ ಎರಡು ಗಂಟೆಯ ಕುರ್ಚಿ ಕೊಡಲು ಯಾವ ವ್ಯಾಪಾರಿಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಡ್ರೈವ್-ಇನ್ನಿನ ಧಾರಾಳತನದ ಕೆಳಗೂ ಇದ್ದದ್ದು ಗುತ್ತಿಗೆಯ ನೆಲವೇ. ಆದ್ದರಿಂದ ನಾವು ಕೇಳುತ್ತಿರುವುದು ವ್ಯಾಪಾರಿಗಳನ್ನಲ್ಲ. ಹೊರನಾಡಿನ ನಗರಗಳಲ್ಲಿ ಸ್ವಂತ ಕಟ್ಟಡವಿರುವ ಕನ್ನಡ ಸಂಘಗಳನ್ನು. ನಿಮ್ಮ ನೆಲಕ್ಕೆ ಬಾಡಿಗೆಯಿಲ್ಲ. ಮದುವೆ, ನಾಮಕರಣಗಳಿಲ್ಲದ ದಿನ ನಿಮ್ಮ ಸಭಾಂಗಣಕ್ಕೆ ಬೀಗ. ಕನ್ನಡದ ಮಕ್ಕಳು ಸಂಘಕ್ಕೆ ಬರುವುದಿಲ್ಲವೆಂಬುದು ನಿಮ್ಮ ವರ್ಷವರ್ಷದ ಗೋಳು. ಭಾಷಣ ಕೇಳಲು ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೆಳಿಗ್ಗೆ ಇಡ್ಲಿ, ಕಾಫಿ ಸಿಗುವುದಾದರೆ, ಆಮೇಲೆ ಎಬ್ಬಿಸುವುದಿಲ್ಲವೆಂದು ಗೊತ್ತಾದರೆ ಬರುತ್ತಾರೆ. ತಮಿಳು ಗೆಳೆಯರನ್ನೂ ಕರೆತರುತ್ತಾರೆ.

ಇಂಥದೊಂದು ಸಂಘದ ಪದಾಧಿಕಾರಿಗಳ ಮುಂದೆ ಈ ಮಾತನ್ನು ಇಟ್ಟೆವು. "ಹುಡುಗರು ಬಂದು ಕೂತರೆ ಏಳುವುದೇ ಇಲ್ಲವಲ್ಲ" ಎಂಬ ಉತ್ತರ ಬಂತು. ನಮ್ಮ ಪ್ರಸ್ತಾವದ ಉದ್ದೇಶವೂ ಅದೇ ಎಂದೆವು. ಅವರು ನಕ್ಕರು. ಸಭೆ ಮುಂದಿನ ವಿಷಯವಾದ ನಾಡಹಬ್ಬದ ಪೆಂಡಾಲಿನ ಖರ್ಚಿಗೆ ಹೊರಳಿತು. ಹೊರಬರುವಾಗ ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಸೂರು ಮುಟ್ಟುವಷ್ಟು ಪೇರಿಸಿ ಹಗ್ಗ ಬಿಗಿದಿದ್ದರು. ಮುಂದಿನ ಸಭೆಗೂ ನಾವು ಹೋಗುತ್ತೇವೆ. ಸದ್ಯಕ್ಕೆ ಅವುಗಳಲ್ಲಿ ಇಪ್ಪತ್ತನ್ನು ಕೆಳಗಿಳಿಸಿದರೆ ಸಾಕು.