ಕುದುರೆಯ ಕಾಲು

ಬೇಸಿಗೆಯ ರಜೆಯಲ್ಲಿ ನಿಮ್ಮಲ್ಲಿ ಹಲವರು ಮಾಥೇರಾನಿಗೆ ಹೋಗಿಬರುವುದುಂಟು. ದಸ್ತೂರಿ ನಾಕೆಯಿಂದಾಚೆ ಯಾತ್ರಿಕರ ಮೋಟಾರುಗಳಿಗೆ ಪ್ರವೇಶವಿಲ್ಲವಾದುದರಿಂದ ಅಲ್ಲಿ ಬಹುಮಂದಿ ಕುದುರೆಯನ್ನೇರುತ್ತಾರೆ. ಬಾಡಿಗೆಗೆ ಚೌಕಾಶಿ ಮಾಡುತ್ತೇವೆ, ಬಣ್ಣ ನೋಡಿ ಆರಿಸುತ್ತೇವೆ, ಅದರ ಹೆಸರನ್ನೂ ಕೇಳುತ್ತೇವೆ; ಕಾಲನ್ನು ಮಾತ್ರ ನೋಡುವುದಿಲ್ಲ. ನೋಡಿಯೇ ಏರಬೇಕೆಂಬುದು ನನ್ನ ವಾದ.

ಕುದುರೆಯ ಕಾಲಿನ ರಚನೆ ವಿಸ್ಮಯಕರವಾದುದು. ಮುಂಗಾಲಿನಲ್ಲಿ ನಾವು ಮೊಣಕಾಲೆಂದು ಕರೆಯುವ ಗಂಟು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದುದು. ಕಾಲಿನ ತುದಿಯಲ್ಲಿರುವುದು ಒಂದೇ ಬೆರಳು. ಆ ಬೆರಳಿನ ಉಗುರೇ ಗೊರಸು. ಎಂದರೆ ಅಷ್ಟು ದೊಡ್ಡ ಪ್ರಾಣಿಯು ಬೆನ್ನ ಮೇಲಿನ ನಮ್ಮನ್ನೂ ಹೊತ್ತು ನಾಲ್ಕೇ ಉಗುರುಗಳ ಮೇಲೆ ನಿಂತಿರುತ್ತದೆ. ಅದರ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳದು. ಗಂಟಿನ ಕೆಳಗೆ ಮಾಂಸಖಂಡವಿಲ್ಲವೆಂದೇ ಹೇಳಬಹುದು. ಎಲುಬು, ಸ್ನಾಯುರಜ್ಜು, ತೊಗಲು ಇಷ್ಟೆ. ಅಲ್ಲಿ ರಜ್ಜು ಹರಿದರೆ ಮಾಯಲು ತಿಂಗಳುಗಳೇ ಬೇಕಾಗುತ್ತವೆ.

ಲಾಳ ಹೊಡೆಯುವಾಗ ನೋವಾಗುವುದಿಲ್ಲವೆ ಎಂದು ನೀವು ಕೇಳಬಹುದು. ಗೊರಸಿನ ಹೊರಗೋಡೆಯು ನಮ್ಮ ಉಗುರಿನ ತುದಿಯಂತೆ ನಿರ್ಜೀವ. ಬಲ್ಲವನು ಮೊಳೆಯನ್ನು ಅದರಲ್ಲಿಯೇ ಇಳಿಸುತ್ತಾನೆ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ 6ರಿಂದ 8 ವಾರಗಳಿಗೊಮ್ಮೆ ಲಾಳ ಬಿಚ್ಚಿ, ಬೆಳೆದುದನ್ನು ಕತ್ತರಿಸಬೇಕು. ಅಡಿಯಲ್ಲಿ ಸಿಕ್ಕಿದ ಕಲ್ಲುಕೆಸರನ್ನು ದಿನವೂ ತೆಗೆಯಬೇಕು. ಒದ್ದೆಯಲ್ಲಿ ನಿಂತ ಗೊರಸು ಕೊಳೆತು ನಾರುತ್ತದೆ. ಇನ್ನೊಂದು ರೋಗ ಪ್ರೀತಿಯಿಂದಲೇ ಬರುವಂಥದು. ಬಲ ಬರಲೆಂದು ಅತಿಯಾಗಿ ಕಾಳು ತಿನ್ನಿಸಿದರೆ ಗೊರಸಿನೊಳಗಿನ ಸೂಕ್ಷ್ಮಪದರಗಳು ಊದಿಕೊಳ್ಳುತ್ತವೆ. ಆಗ ಗೊರಸು ಕಾದಂತಿರುತ್ತದೆ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಅಂಥ ಪ್ರಾಣಿಯನ್ನು ನಡೆಸುವುದು ಶಿಕ್ಷೆಯೇ ಸರಿ. ಪಶುವೈದ್ಯನನ್ನು ಕೂಡಲೇ ಕರೆಯಬೇಕು.

ಈ ವಿದ್ಯೆ ನಮ್ಮವರಿಗೆ ಹೊಸತಲ್ಲ. ಅಭಿನವಚಂದ್ರನೆಂಬ ಕವಿ ಕನ್ನಡದಲ್ಲಿಯೇ ಅಶ್ವಶಾಸ್ತ್ರವನ್ನು ಬರೆದಿದ್ದಾನೆ. ಕಾನೂನೂ ಮೌನವಾಗಿಲ್ಲ. ರೋಗದಿಂದಲೋ ಗಾಯದಿಂದಲೋ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ಒಂದು ವರ್ಷದೊಳಗೆ ನಿಲ್ಲಿಸಬೇಕೆಂದು 2015ರಲ್ಲಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಡಾಂಬರು ರಸ್ತೆಯ ಮೇಲೆ ಕುದುರೆಯ ಕಾಲು ಪಡುವ ಪಾಡನ್ನು ಕಂಡವರಿಗೆ ಆ ತೀರ್ಪು ಸರಿಯೆನಿಸದಿರದು.

ಆದರೆ ಕುದುರೆಯವನನ್ನು ಕಟುಕನೆಂದು ಬೈಯುವವರ ಪಕ್ಷ ನನ್ನದಲ್ಲ. ಆತನ ಸಂಸಾರ ನಿಂತಿರುವುದೂ ಆ ನಾಲ್ಕು ಗೊರಸುಗಳ ಮೇಲೆಯೇ. ಒಂದು ದಿನ ಕುದುರೆಗೆ ವಿಶ್ರಾಂತಿಯೆಂದರೆ ಆತನಿಗೆ ಅಂದು ಸಂಪಾದನೆಯಿಲ್ಲ. ಕುಂಟು ಸಣ್ಣದಾಗಿದ್ದರೆ ಕಂಡೂ ಕಾಣದಂತಿರುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಬೆಳೆಸುವವರು ಏರುವ ನಾವು. ಆದುದರಿಂದ ಏರುವ ಮೊದಲು ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ತೋರಿಸೆಂದು ಕೇಳಿರಿ. ನೋವಿರುವ ಮುಂಗಾಲು ನೆಲವನ್ನು ಮುಟ್ಟಿದಾಗಲೆಲ್ಲ ಕುದುರೆ ತಲೆಯನ್ನು ಮೇಲಕ್ಕೆ ಎಸೆಯುತ್ತದೆ. ಅದನ್ನು ಕಂಡರೆ ಏರಬೇಡಿರಿ. ಏಕೆ ಏರಲಿಲ್ಲವೆಂಬುದನ್ನು ಮಾಲಿಕನಿಗೆ ಮೃದುವಾಗಿ ಹೇಳಿರಿ. ದೊಡ್ಡವರಿಗೂ ಒಂದು ಮಾತುಂಟು: ಮಾಥೇರಾನಿನ ಹೊಸ್ತಿಲಲ್ಲಿ ಯಾತ್ರಿಕರಿಂದ ತೆರಿಗೆಯನ್ನು ಪಡೆಯುತ್ತಾರಷ್ಟೆ, ಅದರಲ್ಲಿ ಒಂದು ಪಾಲನ್ನು ಲಾಳಗಾರನಿಗೂ ಪಶುವೈದ್ಯನಿಗೂ, ಕುಂಟುವ ಕುದುರೆಯ ಮಾಲಿಕನ ಅಂದಿನ ಕೂಲಿಗೂ ಮೀಸಲಿಡಬೇಕು.